ತಿರುವಿ ನೋಡಿದರೂ ಅದೇ ಚಿತ್ತಾರ

ಮನೆಯೊಳಗಿನ ಬಟ್ಟೆಗಳಲ್ಲಿ ಸೀರೆಯ ಸೆರಗಿನಷ್ಟು ದುಡಿಯುವುದು ಇನ್ನೊಂದಿಲ್ಲ. ಬಿಸಿಲಿಗೆ ತಲೆಯ ಮೇಲೆ ಬರುವುದು ಅದೇ, ಕೂಸಿನ ಬಾಯಿ ಒರೆಸುವುದು ಅದೇ. ಸಂತೆಯಿಂದ ಮಿಕ್ಕಿ ಬಂದ ಚಿಲ್ಲರೆ ಗಂಟಾಗಿ ಕೂರುವುದು ಅದರ ತುದಿಯಲ್ಲೇ. ಒಲೆಯ ಮೇಲಿನ ಪಾತ್ರೆ ಇಳಿಸಲು ಅವಸರದಲ್ಲಿ ಕೈಗೆ ಸಿಗುವುದೂ ಅದೇ. ಇಷ್ಟೆಲ್ಲ ಕೆಲಸದ ನಡುವೆ ಸೆರಗಿಗೆ ಒಳಮೈ ಯಾವುದು, ಹೊರಮೈ ಯಾವುದು ಎಂಬ ಭೇದ ಉಳಿಯುವುದಿಲ್ಲ. ಗಳಿಗೆಗೊಮ್ಮೆ ಅದು ಮಗ್ಗುಲು ಬದಲಿಸುತ್ತಲೇ ಇರುತ್ತದೆ.

ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಇಂಥ ಸೆರಗಿನ ಮೇಲೆ ಸೂಜಿ ಹಿಡಿದು ಚಿತ್ತಾರ ತೆಗೆದರು. ಅದೇ ಧಾರವಾಡ ಸೀಮೆಯ ಕಸೂತಿ. ಅದರ ಗೋಪುರವನ್ನೋ ತೇರನ್ನೋ ಮುಂದಿನಿಂದ ನೋಡಿ ಮೆಚ್ಚಿದವರು ಬಟ್ಟೆಯನ್ನು ತಿರುವಿ ನೋಡಿದರೆ ಇನ್ನಷ್ಟು ಬೆರಗಾಗುತ್ತಾರೆ. ಹಿಂಬದಿಯಲ್ಲೂ ಅದೇ ಗೋಪುರ, ಅದೇ ತೇರು. ಗಂಟಿಲ್ಲ, ಜೋತುಬಿದ್ದ ದಾರದ ತುದಿಯಿಲ್ಲ. ಕಾಣದ ಬದಿಗೂ ಇಷ್ಟು ಶ್ರಮವೇಕೆ ಎಂದು ಕೇಳಿದರೆ ಉತ್ತರ ಸೆರಗಿನಲ್ಲೇ ಇದೆ. ದಿನವೂ ಬಳಸುವ ಬಟ್ಟೆಗೆ ಕಾಣದ ಬದಿ ಎಂಬುದೇ ಇರಲಿಲ್ಲ.

ಕಸೂತಿಯನ್ನು ಗೋಡೆಗೆ ತೂಗುಹಾಕುವ ಕಲೆಯೆಂದು ನೋಡುವವರಿಗೆ ಈ ಮಾತು ಮುಖ್ಯ. ಅದು ಹುಟ್ಟಿ ಬೆಳೆದದ್ದು ಉಟ್ಟು, ಒಗೆದು, ಮತ್ತೆ ಉಡುವ ವಸ್ತುಗಳ ಮೇಲೆ. ಇಂದು ಅದು ಸೀರೆಯಿಂದ ಇಳಿದು ಕನ್ನಡಕದ ಚೀಲ, ಕೈಚೀಲ, ದಿಂಬಿನ ಗವಸು, ಮೊಬೈಲ್ ಸಂಚಿಗಳ ಮೇಲೆ ಬಂದು ಕೂತಿದೆ. ಈ ಸಣ್ಣ ವಸ್ತುಗಳಲ್ಲಿ ಹಳೆಯ ಕಸುಬಿನ ಯಾವ ಗುಣ ಉಳಿಯುತ್ತದೆ, ಯಾವುದು ಸೋರಿಹೋಗುತ್ತದೆ ಎಂಬುದನ್ನು ಅರಿಯಬೇಕಾದರೆ ಮೊದಲು ಆ ಹೊಲಿಗೆಯ ಒಳಗುಟ್ಟು ತಿಳಿಯಬೇಕು.

ಎಣಿಕೆಯೇ ನಕಾಶೆ

‘ಕಸೂತಿ’ ಎಂಬ ಮಾತು ಕೈ ಮತ್ತು ನೂಲು ಎಂಬ ಅರ್ಥದ ‘ಸೂತಿ’ ಸೇರಿ ಆಗಿದೆ ಎಂದು ಹೇಳುವುದುಂಟು. ಕನ್ನಡದಲ್ಲಿ ಈಗ ಬಟ್ಟೆಯ ಮೇಲಿನ ಯಾವುದೇ ಸೂಜಿ ಕೆಲಸಕ್ಕೂ ಈ ಹೆಸರು ಸಲ್ಲುತ್ತದೆ. ಆದರೆ ಧಾರವಾಡದ ಕಸೂತಿಗೆ ತನ್ನದೇ ಆದ ಕಟ್ಟುಪಾಡು ಇದೆ. ಇಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುವುದಿಲ್ಲ, ಅಚ್ಚು ಒತ್ತುವುದಿಲ್ಲ. ಬಟ್ಟೆಯಲ್ಲಿ ಮೊದಲೇ ಇರುವ ಹಾಸು ಮತ್ತು ಹೊಕ್ಕಿನ ಎಳೆಗಳನ್ನು ಎಣಿಸಿ ಸೂಜಿ ಚುಚ್ಚುತ್ತಾರೆ. ಮೂರೆಳೆಗೋ ನಾಲ್ಕೆಳೆಗೋ ಒಂದು ಹೊಲಿಗೆ ಎಂದು ನಿಶ್ಚಯಿಸಿಕೊಂಡರೆ ಕೆಲಸ ಮುಗಿಯುವವರೆಗೆ ಆ ಅಳತೆ ತಪ್ಪುವಂತಿಲ್ಲ. ಒಂದೆಳೆ ಹೆಚ್ಚುಕಡಿಮೆಯಾದರೆ ಹತ್ತು ಸಾಲು ದಾಟಿದ ಮೇಲೆ ಗೋಪುರದ ಒಂದು ಮಗ್ಗುಲು ಇನ್ನೊಂದಕ್ಕೆ ಕೂಡುವುದಿಲ್ಲ. ಆಗ ಬಿಚ್ಚುವುದೊಂದೇ ದಾರಿ.

ಇಂಚಿಗೆ ಅರವತ್ತು ಎಳೆಗಳಿರುವ ಬಟ್ಟೆಯಲ್ಲಿ ನಾಲ್ಕೆಳೆಗೊಂದು ಹೊಲಿಗೆ ಹಾಕಿದರೆ ಇಂಚಿಗೆ ಹದಿನೈದು ಹೊಲಿಗೆ ಕೂರುತ್ತವೆ. ಕಣ್ಣಿಗೆ ಇದು ಗಣಿತದ ಚೌಕಳಿ ಕಾಗದದಂತೆಯೇ. ಹಾಗಾಗಿ ಕಸೂತಿಯ ಆನೆಗೆ ದುಂಡು ಹೊಟ್ಟೆಯಿಲ್ಲ, ನವಿಲಿಗೆ ಬಳಕುವ ಕತ್ತಿಲ್ಲ. ಎಲ್ಲವೂ ನೆಟ್ಟಗಿನ, ಅಡ್ಡನೆಯ, ಓರೆಯಾದ ಗೆರೆಗಳಿಂದಲೇ ಮೂಡಬೇಕು. ಈ ಕಟ್ಟಿಗೆ ಒಳಗಾಗಿಯೇ ಹೆಣ್ಣುಮಕ್ಕಳು ತಮ್ಮ ಕಣ್ಣೆದುರಿನ ಲೋಕವನ್ನೆಲ್ಲ ತಂದರು. ದೇವಸ್ಥಾನದ ಗೋಪುರ, ತೇರು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ, ಅಂಗಳದ ತುಳಸಿಕಟ್ಟೆ, ತೊಟ್ಟಿಲು, ಕಮಲ, ನವಿಲು, ಗಿಳಿ, ನಂದಿ ಎಲ್ಲವೂ ಅಲ್ಲಿವೆ. ಇವುಗಳ ನಕಾಶೆ ಪುಸ್ತಕಕ್ಕೆ ಬರುವ ಮುನ್ನ ತಾಯಿಯ ಸೀರೆಯಿಂದ ಮಗಳ ಸೀರೆಗೆ, ನೆರೆಮನೆಯ ಸೆರಗಿನಿಂದ ಈ ಮನೆಯ ಸೆರಗಿಗೆ ಎಣಿಕೆಯ ರೂಪದಲ್ಲೇ ದಾಟುತ್ತಿತ್ತು.

ಈ ಕೆಲಸಕ್ಕೆ ನಾಲ್ಕು ಬಗೆಯ ಹೊಲಿಗೆಗಳು. ಗವಂತಿ ಮತ್ತು ಮುರ್ಗಿ ಬರಿಯ ಗೆರೆಯಿಂದ ಚಿತ್ರ ಬಿಡಿಸುತ್ತವೆ. ಗವಂತಿ ನೆಟ್ಟಗೆ, ಅಡ್ಡಕ್ಕೆ, ಓರೆಯಾಗಿ ಸಾಗಿದರೆ ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತದೆ. ಈ ಎರಡೂ ಹೊಲಿಗೆಗಳು ಎರಡು ಬದಿಗೂ ಒಂದೇ ತೆರನಾಗಿ ಕಾಣುತ್ತವೆ. ಮೂರನೆಯದು ನೇಗಿ. ಹೆಸರೇ ಹೇಳುವಂತೆ ಇದು ನೇಯ್ಗೆಯನ್ನು ಹೋಲುತ್ತದೆ. ಉದ್ದ ಗಿಡ್ಡ ಹೊಲಿಗೆಗಳು ಸಾಲಾಗಿ ಓಡಿ, ಮಗ್ಗದಲ್ಲೇ ಚಿತ್ತಾರ ನೇಯ್ದಂತೆ ಕಾಣುತ್ತದೆ. ನಾಲ್ಕನೆಯದು ಮೆಂತಿ. ಗುಣಾಕಾರದ ಗುರುತಿನಂತೆ ಒಂದರ ಮೇಲೊಂದು ಹಾಯುವ ಹೊಲಿಗೆಗಳು ಒತ್ತಾಗಿ ತುಂಬಿ, ಮೆಂತೆಕಾಳು ಹರವಿದಂತೆ ತೋರುತ್ತವೆ. ನೇಗಿ ಮತ್ತು ಮೆಂತಿಗೆ ಹಿಂಬದಿ ಮುಂಬದಿ ಒಂದೇ ಅಲ್ಲ. ಆದರೆ ಬಯಲನ್ನು ತುಂಬುವುದಕ್ಕೆ ಅವೇ ಬೇಕು.

ಹೋದ ದಾರಿಯಲ್ಲೇ ಮರಳುವ ದಾರ

ಗವಂತಿ ಎಂಬ ಹೆಸರು ‘ಗಂಟು’ ಎಂಬುದರಿಂದ ಬಂದಿದೆ ಎನ್ನುತ್ತಾರೆ. ವಿನೋದವೆಂದರೆ ಗವಂತಿಯಲ್ಲಿ ಗಂಟಿಗೆ ಜಾಗವೇ ಇಲ್ಲ. ದಾರದ ತುದಿಯನ್ನು ಗಂಟು ಹಾಕದೆ ಬಿಟ್ಟು ಹೊಲಿಗೆ ಶುರು ಮಾಡುತ್ತಾರೆ. ಬಟ್ಟೆ ಜೋಡಿಸಲು ಹಾಕುವ ಕಚ್ಚಾ ಹೊಲಿಗೆಯಂತೆ ಸೂಜಿ ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ ಎಂದು ಸಾಗುತ್ತದೆ. ಮೊದಲ ಪಯಣದಲ್ಲಿ ಮೂಡುವುದು ತುಂಡು ತುಂಡಾದ ಗೆರೆ. ತುದಿ ಮುಟ್ಟಿದ ಮೇಲೆ ದಾರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಹೋಗುವಾಗ ಮೇಲಿದ್ದ ಕಡೆ ಬರುವಾಗ ಕೆಳಗಿರುತ್ತದೆ, ಕೆಳಗಿದ್ದ ಕಡೆ ಮೇಲೆ ಬರುತ್ತದೆ. ಬಿಟ್ಟ ಜಾಗಗಳೆಲ್ಲ ತುಂಬಿ ಗೆರೆ ಅಖಂಡವಾಗುತ್ತದೆ, ಅದೂ ಎರಡು ಬದಿಯಲ್ಲಿ ಏಕಕಾಲಕ್ಕೆ. ಕೊನೆಗೆ ದಾರ ತಾನು ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಎರಡು ತುದಿಗಳನ್ನೂ ಹೊಲಿಗೆಗಳ ಅಡಿಯಲ್ಲಿ ತೂರಿಸಿ ಅಡಗಿಸಿದರೆ ಮುಗಿಯಿತು.

ಒಂದೇ ಗೆರೆಗಾದರೆ ಇದು ಸುಲಭ. ಕೊಂಬೆ ರೆಂಬೆಗಳಿರುವ ಚಿತ್ತಾರದಲ್ಲಿ ಏನು ಗತಿ? ಅದಕ್ಕೊಂದು ನಿಯಮವಿದೆ. ದಾರಿ ಕವಲೊಡೆದಾಗ ಕವಲಿನ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಕವಲಿನ ಬುಡಕ್ಕೆ ಮರಳಿ, ಆಮೇಲೆ ಮುಖ್ಯ ದಾರಿ ಹಿಡಿಯಬೇಕು. ಒಂದು ಕವಲಿನಲ್ಲಿ ಎಷ್ಟು ಮನೆಗಳಿದ್ದರೂ ಹೋಗಿ ಬರುವ ಹೆಜ್ಜೆಗಳ ಒಟ್ಟು ಲೆಕ್ಕ ಸಮಸಂಖ್ಯೆಯೇ ಆಗುತ್ತದೆ. ಹೀಗಾಗಿ ಮೇಲೆ ಕೆಳಗಿನ ಸರದಿ ತಪ್ಪುವುದಿಲ್ಲ. ಒಂದಕ್ಕೊಂದು ಕೂಡಿಕೊಂಡ ಗೆರೆಗಳ ಯಾವ ಚಿತ್ತಾರವನ್ನಾದರೂ ಈ ಕ್ರಮದಲ್ಲಿ ಪೂರ್ತಿಮಾಡಿ ಹೊರಟ ಜಾಗಕ್ಕೆ ಬರಬಹುದು. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಲು ಸಾಧ್ಯವೇ ಎಂಬ ಒಗಟಿಗೆ 1736ರಲ್ಲಿ ಗಣಿತಜ್ಞ ಆಯ್ಲರ್ ಉತ್ತರ ಹೇಳಿದ. ಸಾಧ್ಯವಿಲ್ಲ ಎಂಬುದು ಅವನ ಉತ್ತರ. ಪ್ರತಿ ಸೇತುವೆಯನ್ನು ಎರಡೆರಡು ಸಲ ದಾಟಬಹುದು ಎಂದಿದ್ದರೆ ಆ ಸುತ್ತು ಸಾಧ್ಯವಾಗುತ್ತಿತ್ತು. ಕಸೂತಿಯ ದಾರ ಮಾಡುವುದು ಈ ಎರಡನೆಯ ಬಗೆಯ ಸುತ್ತನ್ನು. ಲೆಕ್ಕದ ಹೆಸರು ಕೇಳದ ಅಜ್ಜಿಯರೂ ಆ ದಾರಿಯನ್ನು ಕೈಯಲ್ಲಿ ಇಟ್ಟುಕೊಂಡಿದ್ದರು.

ಈ ಹೊಲಿಗೆ ಕರ್ನಾಟಕಕ್ಕೆ ಮಾತ್ರ ಮೀಸಲಾದದ್ದಲ್ಲ. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಿಳಿ ನಾರುಬಟ್ಟೆಯ ಮೇಲೆ ಕಪ್ಪು ರೇಷ್ಮೆಯಿಂದ ಹೀಗೆಯೇ ಎಳೆ ಎಣಿಸಿ ಹೊಲಿಯುತ್ತಿದ್ದರು. ಎಂಟನೆಯ ಹೆನ್ರಿಯ ಆಸ್ಥಾನದಲ್ಲಿದ್ದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಅಂಥ ಉಡುಪು ಕಾಣುವುದರಿಂದ ಪಶ್ಚಿಮದಲ್ಲಿ ಆ ಹೊಲಿಗೆಗೆ ಅವನ ಹೆಸರೇ ನಿಂತಿದೆ. ರಾಣಿ ಜೇನ್ ಸೀಮೋರಳ ಚಿತ್ರದಲ್ಲಿ ಅದು ಎಲ್ಲಿದೆ ಎಂದು ನೋಡಿದರೆ ಮುಂಗೈಯ ಅಂಚಿನಲ್ಲಿದೆ. ಕೈ ಆಡಿಸಿದಂತೆಲ್ಲ ಒಳಗೂ ಹೊರಗೂ ಕಾಣುವ ಜಾಗ ಅದು. ಅಲ್ಲಿ ತೋಳಿನ ಅಂಚು, ಇಲ್ಲಿ ಸೀರೆಯ ಸೆರಗು. ದೇಶ ಬೇರೆ, ಬಳಕೆಯ ಒತ್ತಾಯ ಒಂದೇ.

ಸೀರೆಯಿಂದ ಸಂಚಿಗೆ

ಕಸೂತಿಗೆ ಒಗ್ಗಿದ ಬಟ್ಟೆ ಇಳಕಲ್ ಸೀರೆ. ಅದರ ಗಟ್ಟಿ ನೇಯ್ಗೆಯಲ್ಲಿ ಎಳೆಗಳು ಎಣಿಕೆಗೆ ಸಿಗುತ್ತವೆ, ಒಡಲಿನ ಗಾಢ ಬಣ್ಣದ ಮೇಲೆ ಕೆಂಪು, ಹಸಿರು, ಹಳದಿ, ಬಿಳಿ ದಾರಗಳು ಎದ್ದು ಕಾಣುತ್ತವೆ. ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಆನೆಗಳು ಬಂದರೆ ಒಡಲಿನತ್ತ ಸಾಗಿದಂತೆ ಚಿತ್ತಾರ ಸಣ್ಣದಾಗುತ್ತ ಹೋಗಿ ಕೊನೆಗೆ ಚುಕ್ಕಿಯಷ್ಟು ಹೂಗಳಾಗಿ ಉಳಿಯುತ್ತವೆ. ಕಾಣುವ ಕಡೆ ಹೆಚ್ಚು ಶ್ರಮ, ನೆರಿಗೆಯಲ್ಲಿ ಮುಚ್ಚಿಹೋಗುವ ಕಡೆ ಕಡಿಮೆ. ಮನೆವಾರ್ತೆ ನಡೆಸುವವರ ಜಾಣತನ ಇದು. ಮದುವೆಯ ಸೀರೆಗಳ ಸಾಲಿನಲ್ಲಿ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿಗೆ ಮರ್ಯಾದೆಯ ಜಾಗವಿತ್ತು. ಕೂಸಿನ ಕುಲಾವಿ, ಕುಂಚಿಗೆಗಳ ಮೇಲೂ, ಕುಪ್ಪಸದ ಮೇಲೂ ಇದೇ ಕೈಕೆಲಸ ಬರುತ್ತಿತ್ತು. ಮಾರುವ ಮಾತು ಅಲ್ಲಿರಲಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯ ಬೆಳಕಿನಲ್ಲಿ ಕೂತು ಮಾಡಿದ ಕೆಲಸ, ಮಗಳಿಗೋ ಸೊಸೆಗೋ ಮೊಮ್ಮಗುವಿಗೋ ಸೇರುತ್ತಿತ್ತು.

ಇಪ್ಪತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಈ ಚಿತ್ರ ಬದಲಾಯಿತು. ಒಂಬತ್ತು ಗಜದ ಸೀರೆ ನಿತ್ಯದ ಉಡುಗೆಯಾಗಿ ಉಳಿಯಲಿಲ್ಲ. ನೈಲಾನ್, ಪಾಲಿಯೆಸ್ಟರ್ ಸೀರೆಗಳಲ್ಲಿ ಎಳೆ ಎಣಿಸುವುದು ಆಗದ ಮಾತು. ಅದಕ್ಕೊಂದು ಉಪಾಯ ಕಂಡುಕೊಂಡರು. ನುಣುಪು ಬಟ್ಟೆಯ ಮೇಲೆ ಜಾಳು ಬಟ್ಟೆಯ ತುಂಡೊಂದನ್ನು ಹೊಲಿದು, ಅದರ ಕಣ್ಣುಗಳನ್ನು ಎಣಿಸುತ್ತ ಎರಡಕ್ಕೂ ಸೇರಿಸಿ ಕಸೂತಿ ಹಾಕಿ, ಕೆಲಸ ಮುಗಿದ ಮೇಲೆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಹೀಗೆ ರೇಷ್ಮೆಗೂ ಜಾರ್ಜೆಟ್ಟಿಗೂ ಕಸೂತಿ ಬಂತು.

ಇನ್ನೊಂದು ಕಡೆ ಶಾಲೆಯ ಹೊಲಿಗೆ ತರಗತಿಯಿಂದ ಮ್ಯಾಟಿ ಬಟ್ಟೆ ಮನೆಗಳನ್ನು ಹೊಕ್ಕಿತು. ದಪ್ಪ ಎಳೆಗಳ, ಚೌಕಳಿ ಚೌಕಳಿಯಾಗಿ ಕಾಣುವ ಈ ಬಟ್ಟೆ ಎಣಿಕೆಯನ್ನು ಸಲೀಸು ಮಾಡಿತು. ದಿಂಬಿನ ಗವಸು, ಸೋಫಾದ ಬೆನ್ನಿನ ಹೊದಿಕೆ, ಬಾಗಿಲ ತೋರಣ, ರೇಡಿಯೋ ಮತ್ತು ಟಿ.ವಿ.ಯ ಮುಸುಕು ಎಲ್ಲದರ ಮೇಲೂ ಸೂಜಿಯ ಕೆಲಸ ಮೂಡಿತು. ಕಲಾತ್ಮಕತೆಯಲ್ಲಿ ಅವೆಲ್ಲ ಒಂದೇ ತೂಕದವಲ್ಲ. ಆದರೂ ಎಳೆ ಎಣಿಸುವ ಅಭ್ಯಾಸವನ್ನು ಒಂದು ತಲೆಮಾರಿನ ಕೈಗಳಲ್ಲಿ ಉಳಿಸಿದ ಪುಣ್ಯ ಮ್ಯಾಟಿ ಬಟ್ಟೆಗೆ ಸಲ್ಲಬೇಕು.

ಮೂರನೆಯ ಬದಲಾವಣೆ ಮಾರುಕಟ್ಟೆಯದು. 1964ರಲ್ಲಿ ಆರಂಭವಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ತನ್ನ ‘ಕಾವೇರಿ’ ಮಳಿಗೆಗಳ ಮೂಲಕ ಕೈಕೆಲಸದ ವಸ್ತುಗಳನ್ನು ನಗರದವರಿಗೆ ಮುಟ್ಟಿಸಿತು. ಮನೆಯವರಿಗಾಗಿ ಆಗುತ್ತಿದ್ದ ಕಸೂತಿ ಅರಿಯದವರಿಗಾಗಿ ಆಗತೊಡಗಿತು. ಸೀರೆ ಕೊಳ್ಳಲಾಗದವರು, ಸೀರೆ ಉಡದವರು ಕೂಡ ಸಣ್ಣದೊಂದು ಪರ್ಸನ್ನೋ ಪುಸ್ತಕದ ನಡುವೆ ಇಡುವ ಪಟ್ಟಿಯನ್ನೋ ಕೊಳ್ಳಬಲ್ಲರು. ಹಾಗೆ ನೋಡಿದರೆ ಸಣ್ಣ ಚೀಲ ಈ ನಾಡಿಗೆ ಹೊಸದೇನಲ್ಲ. ಎಲೆ, ಅಡಿಕೆ, ಸುಣ್ಣದ ಡಬ್ಬಿಗೆ ಬೇರೆ ಬೇರೆ ಅರೆಗಳಿದ್ದ ಬಟ್ಟೆಯ ಸಂಚಿ ಹಿರಿಯರ ಸೊಂಟದಲ್ಲಿ ಇದ್ದೇ ಇತ್ತು. ಅರೆಗಳಲ್ಲಿ ಇಡುವ ವಸ್ತು ಬದಲಾಗಿದೆ, ಅಷ್ಟೇ.

ಕನ್ನಡಕದ ಚೀಲವೊಂದು ಆಗುವ ಬಗೆ

ಸಣ್ಣ ವಸ್ತುವೆಂದರೆ ಸಣ್ಣ ಕೆಲಸ ಎಂದು ತಿಳಿಯುವವರು ಕನ್ನಡಕದ ಒಂದು ಚೀಲ ಹೇಗೆ ಆಗುತ್ತದೆ ಎಂಬುದನ್ನು ನೋಡಬೇಕು. ಸಿದ್ಧವಾದ ಚೀಲ ಹದಿನೆಂಟು ಸೆಂಟಿಮೀಟರ್ ಉದ್ದ, ಒಂಬತ್ತು ಸೆಂಟಿಮೀಟರ್ ಅಗಲ ಎಂದುಕೊಳ್ಳೋಣ. ತಳದಲ್ಲಿ ಮಡಚಿ ಎರಡು ಮಗ್ಗುಲು ಹೊಲಿಯಬೇಕಾದ್ದರಿಂದ, ಹೊಲಿಗೆಯ ಅಂಚು ಸೇರಿಸಿ ಮೂವತ್ತೊಂಬತ್ತು ಸೆಂಟಿಮೀಟರ್ ಉದ್ದ, ಹನ್ನೆರಡು ಸೆಂಟಿಮೀಟರ್ ಅಗಲದ ಬಟ್ಟೆ ಬೇಕು. ಆದರೆ ಮೊದಲೇ ಈ ಅಳತೆಗೆ ಕತ್ತರಿಸುವುದಿಲ್ಲ. ಕೈಯಲ್ಲಿ ಆಡುತ್ತ ಅಂಚಿನ ಎಳೆ ಬಿಚ್ಚಿಕೊಳ್ಳುವುದರಿಂದ ಸುತ್ತಲೂ ಮೂರು ನಾಲ್ಕು ಬೆರಳು ಹೆಚ್ಚು ಬಿಟ್ಟು, ಕಸೂತಿ ಮುಗಿದ ಮೇಲೆ ಕತ್ತರಿ ಹಾಕುತ್ತಾರೆ. ಹತ್ತಿ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತದಲ್ಲೇ ಬಟ್ಟೆ ಕುಗ್ಗಿ, ಕುಗ್ಗದ ದಾರ ಸುಕ್ಕುಗಟ್ಟುತ್ತದೆ.

ಇಂಚಿಗೆ ಹದಿನಾಲ್ಕು ಚೌಕ ಬರುವ ಬಟ್ಟೆಯಲ್ಲಿ ಮೂವತ್ತಾರು ಚೌಕ ಅಗಲದ ಗೋಪುರ ಸುಮಾರು ಆರೂವರೆ ಸೆಂಟಿಮೀಟರ್ ಆಗುತ್ತದೆ. ಒಂಬತ್ತು ಸೆಂಟಿಮೀಟರಿನ ಚೀಲಕ್ಕೆ ಎರಡು ಕಡೆ ಸಮ ಜಾಗ ಬಿಟ್ಟು ಅದು ಕೂರುತ್ತದೆ. ಚೀಲದ ಮುಂಭಾಗವಾಗುವ ಅರ್ಧವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮಡಚಿ ನಡುವನ್ನು ಗುರುತಿಸಿ, ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡರೆ ಎಣಿಕೆಗೆ ಆಧಾರ ಸಿಗುತ್ತದೆ. ಎರಡು ಮಗ್ಗುಲಿಗೂ ಚಿತ್ತಾರ ಬೇಕೆಂದರೆ ಹಿಂದಿನದನ್ನು ತಲೆಕೆಳಗು ಮಾಡಿ ಹಾಕಬೇಕು. ತಳದಲ್ಲಿ ಮಡಚಿದಾಗ ಅದು ನೆಟ್ಟಗಾಗುತ್ತದೆ. ಮರೆತವರ ಗೋಪುರ ತಲೆಕೆಳಗಾಗಿ ನಿಲ್ಲುತ್ತದೆ.

ಸೂಜಿ ಮೊಂಡು ತುದಿಯದಾಗಿರಬೇಕು. ಚೂಪು ಸೂಜಿ ಎಳೆಗಳ ನಡುವೆ ಹಾಯುವ ಬದಲು ಎಳೆಯನ್ನೇ ಸೀಳುತ್ತದೆ, ಎಣಿಕೆ ಕೆಡುತ್ತದೆ. ಆರೆಳೆಯ ಹತ್ತಿ ದಾರದಿಂದ ಒಂದೋ ಎರಡೋ ಎಳೆ ಬಿಡಿಸಿಕೊಂಡು, ಮೊಳದುದ್ದಕ್ಕಿಂತ ಹೆಚ್ಚಿಲ್ಲದಂತೆ ಕತ್ತರಿಸಿಕೊಳ್ಳುತ್ತಾರೆ. ಉದ್ದ ದಾರ ಪದೇಪದೇ ಬಟ್ಟೆಯೊಳಗೆ ಹಾದು ಜುಂಗೇಳುತ್ತದೆ. ಕೆಂಪು, ಕಡುನೀಲಿ, ಕಪ್ಪು ದಾರಗಳನ್ನು ಬಳಸುವ ಮುನ್ನ ಒದ್ದೆಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡುವುದು ವಾಡಿಕೆ. ದಿನವೂ ಬೆವರಿನ ಕೈ ತಗಲುವ ಚೀಲಕ್ಕೆ ಈ ಪರೀಕ್ಷೆ ಅಗತ್ಯ.

ಯಾವ ಹೊಲಿಗೆ ಎಲ್ಲಿಗೆ ಎಂಬುದನ್ನೂ ಬಳಕೆಯೇ ತೀರ್ಮಾನಿಸುತ್ತದೆ. ಬೀಗದ ಕೈ, ಪೆನ್ನು, ನಾಣ್ಯ ತುಂಬುವ ಚೀಲಕ್ಕೆ ನೇಗಿಯ ಉದ್ದ ಹೊಲಿಗೆ ಒಗ್ಗದು. ಉಗುರಿಗೋ ಬಳೆಗೋ ಸಿಕ್ಕಿಕೊಂಡು ಎಳೆ ಎದ್ದುಬಿಡುತ್ತದೆ. ಗವಂತಿ, ಮುರ್ಗಿಯ ಗಿಡ್ಡ ಹೊಲಿಗೆಗಳು ಬಟ್ಟೆಗೆ ಅಂಟಿಕೊಂಡಂತೆ ಇರುತ್ತವೆ. ಸವೆತ ಹೆಚ್ಚಿರುವ ಕಡೆ ಮೆಂತಿ ಬಟ್ಟೆಗೆ ಇನ್ನೊಂದು ಪದರದಂತೆ ನಿಂತು ಕಾಪಾಡುತ್ತದೆ. ಕೊನೆಗೆ ಬಟ್ಟೆಯನ್ನು ಬೋರಲು ಹಾಕಿ, ಕೆಳಗೆ ಟವೆಲ್ ಹಾಸಿ ಇಸ್ತ್ರಿ ಮಾಡಿ, ಒಳಗೆ ಮೆತ್ತನೆಯ ಅಸ್ತರು ಕೊಟ್ಟು, ಬಾಯಿಗೆ ಜಿಪ್ಪೋ ಪ್ರೆಸ್ ಬಟನ್ನೋ ಕೂರಿಸಿದರೆ ಚೀಲ ಸಿದ್ಧ.

ಅಸ್ತರಿನ ಮಾತು ಬಂದಲ್ಲಿ ಒಂದು ಕ್ಷಣ ನಿಲ್ಲಬೇಕು. ಸೆರಗಿಗೆ ಅಸ್ತರಿರಲಿಲ್ಲ. ಚೀಲಕ್ಕೆ ಇದೆ. ಒಳಮೈ ಮುಚ್ಚಿಹೋಗುವ ವಸ್ತುವಿನಲ್ಲಿ ಗಂಟು ಹಾಕಿದರೇನು, ಒಂದು ಹೂವಿನಿಂದ ಇನ್ನೊಂದಕ್ಕೆ ದಾರವನ್ನು ಹಾರಿಸಿ ಎಳೆದರೇನು, ನೋಡುವವರು ಯಾರು? ಹಲವು ಕಡೆ ನಡೆಯುವುದೂ ಹಾಗೆಯೇ. ಆದರೆ ಒಗೆತಕ್ಕೆ ಬಿದ್ದ ಮೇಲೆ ಗಂಟು ಸಡಿಲುತ್ತದೆ, ಹಾರಿದ ದಾರ ಒಳಗೊಳಗೇ ಜಗ್ಗಿ ಬಟ್ಟೆಯನ್ನು ಸುಕ್ಕು ಮಾಡುತ್ತದೆ, ತೆಳು ಬಟ್ಟೆಯಾದರೆ ನೆರಳಾಗಿ ಹೊರಗೂ ಕಾಣುತ್ತದೆ. ಗಂಟಿಲ್ಲದ ಹೊಲಿಗೆ ಚಂದಕ್ಕಾಗಿ ಎಷ್ಟೋ, ಬಾಳಿಕೆಗಾಗಿಯೂ ಅಷ್ಟೇ. ಅಸ್ತರಿನ ಅಡಿಯಲ್ಲೂ ಆ ಕಟ್ಟುಪಾಡು ಉಳಿಸಿಕೊಂಡವರ ಚೀಲ ವರ್ಷಗಟ್ಟಲೆ ಬಾಳುತ್ತದೆ.

ಗಂಟೆಗಳ ಲೆಕ್ಕ

ಈಗ ಬೆಲೆಯ ಮಾತು. ಮೇಲಿನ ಚೀಲದಲ್ಲಿ ಗೋಪುರಕ್ಕೆ ನಾನೂರು, ಅಂಚಿನ ಸಾಲುಗಳಿಗೆ ಮುನ್ನೂರು, ಒಟ್ಟು ಏಳುನೂರು ಸಣ್ಣ ಗೆರೆಗಳಿವೆ ಎಂದು ಇಟ್ಟುಕೊಂಡರೆ, ಹೋಗಿ ಬರುವ ದಾರಕ್ಕೆ ಸಾವಿರದ ನಾನೂರು ಹೆಜ್ಜೆ. ಎಣಿಸಿ ಚುಚ್ಚಿ ಎಳೆಯಲು ಹೆಜ್ಜೆಗೆ ಐದು ಸೆಕೆಂಡು ಹಿಡಿದರೂ ಎರಡು ಗಂಟೆಗೆ ಹತ್ತಿರವಾಗುತ್ತದೆ. ದಾರ ಪೋಣಿಸುವುದು, ತಪ್ಪಿದ್ದನ್ನು ಬಿಚ್ಚುವುದು, ಅಸ್ತರು, ಜಿಪ್ಪು, ಇಸ್ತ್ರಿ ಎಲ್ಲ ಸೇರಿದರೆ ಮೂರು ಗಂಟೆಗೆ ಕಡಿಮೆಯಿಲ್ಲ. ಅದೂ ಪಳಗಿದ ಕೈಯಾದರೆ.

ದಾರದ ಲೆಕ್ಕ ನೋಡಿ. ಒಂದೊಂದು ಹೆಜ್ಜೆ ಎರಡು ಮಿಲಿಮೀಟರಿಗೂ ಕಡಿಮೆ. ಸಾವಿರದ ನಾನೂರು ಹೆಜ್ಜೆಗೆ ಎರಡೂವರೆ ಮೀಟರ್ ದಾರ ಸಾಕು, ಪೋಲಾಗುವುದನ್ನು ಸೇರಿಸಿದರೂ ನಾಲ್ಕು ಮೀಟರ್. ಅಂಗಡಿಯಲ್ಲಿ ಸಿಗುವ ಆರೆಳೆಯ ಲಡಿ ಎಂಟು ಮೀಟರಿನದು. ಎರಡೆಳೆಯಂತೆ ಬಳಸಿದರೆ ಅದರಲ್ಲಿ ಇಪ್ಪತ್ತನಾಲ್ಕು ಮೀಟರ್ ಸಿಗುತ್ತದೆ. ಅಂದರೆ ಇಡೀ ಚೀಲಕ್ಕೆ ಹಿಡಿಯುವುದು ಒಂದು ಲಡಿಯ ಆರನೆಯ ಒಂದು ಪಾಲು. ಬಟ್ಟೆಯೂ ಗೇಣಗಲದ ತುಂಡು. ಹೀಗಾಗಿ ಕಸೂತಿಯ ಬೆಲೆಯಲ್ಲಿ ಸಾಮಗ್ರಿಯದು ಚಿಲ್ಲರೆ ಪಾಲು, ಹೊತ್ತಿನದೇ ದೊಡ್ಡ ಪಾಲು. ಎಂಟು ಗಂಟೆಯ ದಿನಗೂಲಿಯಲ್ಲಿ ಮೂರು ಗಂಟೆಯೆಂದರೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ಅಷ್ಟು ಕೂಲಿಗೂ ಕಡಿಮೆ ಬೆಲೆಗೆ ಚೀಲ ಸಿಗುತ್ತಿದ್ದರೆ ಎರಡರಲ್ಲೊಂದು ನಡೆದಿರಬೇಕು. ಒಂದೋ ಅದು ಯಂತ್ರದ ಕೆಲಸ, ಇಲ್ಲವೇ ಯಾರೋ ಒಬ್ಬಾಕೆಯ ಹೊತ್ತಿಗೆ ಬೆಲೆ ಕಟ್ಟಿಲ್ಲ.

ಎರಡನೆಯದು ಸಲೀಸಾಗಿ ನಡೆದುಬಿಡುತ್ತದೆ. ಕಾರಣ ಕಸೂತಿಯ ಇತಿಹಾಸದಲ್ಲೇ ಇದೆ. ಮಗಳಿಗಾಗಿ ಹಾಕಿದ ಕಸೂತಿಗೆ ಕೂಲಿ ಕೇಳುವವರಿಲ್ಲ. ಮನೆಕೆಲಸ ಮುಗಿಸಿ ಬಿಡುವಿನಲ್ಲಿ ಮಾಡಿದ್ದು ಎಂಬ ಮಾತು ಆಗ ವಾತ್ಸಲ್ಯದ ಮಾತಾಗಿತ್ತು. ಅದೇ ಕೆಲಸ ಮಾರಾಟಕ್ಕೆ ಬಂದಾಗ ‘ಬಿಡುವಿನಲ್ಲಿ ಮಾಡುವುದಲ್ಲವೇ’ ಎಂಬುದು ಚೌಕಾಶಿಯ ಮಾತಾಗುತ್ತದೆ. ಕೆಲಸ ಮಾಡಿದವಳೂ ಎಷ್ಟೋ ಸಲ ಗಂಟೆಗಳನ್ನು ಲೆಕ್ಕ ಇಟ್ಟಿರುವುದಿಲ್ಲ. ಎಳೆಗಳನ್ನು ಒಂದೂ ಬಿಡದೆ ಎಣಿಸುವ ಕೈ ತನ್ನ ಹೊತ್ತನ್ನು ಎಣಿಸುವುದಿಲ್ಲ.

1999ರ ಕಾನೂನಿನ ಅಡಿಯಲ್ಲಿ ನಾಡಿನ ವಿಶಿಷ್ಟ ವಸ್ತುಗಳಿಗೆ ಭೌಗೋಳಿಕ ಸೂಚಕ ಎಂಬ ಗುರುತು ಸಿಗುತ್ತದೆ. ಕಸೂತಿಗೆ ಈ ಮಾನ್ಯತೆ 2005-06ರಲ್ಲಿ ದೊರೆಯಿತು. ಹೆಸರನ್ನು ಯಾರು ಬಳಸಬಹುದು ಎಂಬುದಕ್ಕೆ ಇದರಿಂದ ಬೇಲಿ ಬಿತ್ತು. ಆದರೆ ಹೊಲಿದವಳಿಗೆ ಎಷ್ಟು ಸಲ್ಲಬೇಕು ಎಂಬುದನ್ನು ಆ ಗುರುತು ಹೇಳುವುದಿಲ್ಲ. ಅದನ್ನು ಮಾರುವವರು ಮತ್ತು ಕೊಳ್ಳುವವರೇ ನಿರ್ಧರಿಸಬೇಕು. ಬಳ್ಳಾರಿ ಸೀಮೆಯ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ, ಕವಡೆಗಳ ಕಸೂತಿಯೂ ಇದೇ ದಾರಿಯಲ್ಲಿ ಬಂದದ್ದು. ಉಡುಪಿನಿಂದ ಚೀಲ, ಗವಸುಗಳಿಗೆ ದಾಟಿ, ತನ್ನದೇ ಭೌಗೋಳಿಕ ಸೂಚಕವನ್ನೂ ಪಡೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ದಾಖಲೆಯಿಂದ ಕಸುಬಿಗೆ ಹೆಸರು ಬರುತ್ತದೆ. ಅದನ್ನು ಮರುದಿನವೂ ನಡೆಸುವುದು ಮಾತ್ರ ಕೊಂಡ ಚೀಲವನ್ನು ಹೆಗಲಿಗೆ ಹಾಕಿಕೊಂಡು ತರಕಾರಿ ಮಾರುಕಟ್ಟೆಗೆ ಹೋಗುವವರು.

ತಿರುವಿ ನೋಡುವ ಅಭ್ಯಾಸ

ಗೋಪುರ, ತೇರು, ನವಿಲುಗಳನ್ನು ಇಂದು ಕಂಪ್ಯೂಟರ್ ಯಂತ್ರಗಳು ನಿಮಿಷಗಳಲ್ಲಿ ಹೊಲಿಯುತ್ತವೆ. ಬಟ್ಟೆಯ ಮೇಲೆ ಅಚ್ಚೊತ್ತಿದ ಕಸೂತಿಯೂ ಸಿಗುತ್ತದೆ. ಅಗ್ಗದ ವಸ್ತು ಬೇಕಾದವರು ಅದನ್ನು ಕೊಂಡರೆ ತಪ್ಪೇನಿಲ್ಲ. ಕೈಕೆಲಸದ ಬೆಲೆ ಕೊಟ್ಟು ಯಂತ್ರದ್ದನ್ನು ತರುವುದು ಮಾತ್ರ ನಷ್ಟ. ಅದು ಕೊಂಡವರಿಗೂ ನಷ್ಟ, ಕೈಯಿಂದ ಹೊಲಿಯುವವರಿಗೂ ನಷ್ಟ.

ಗುರುತಿಸುವುದು ಕಷ್ಟವಲ್ಲ. ಸೀರೆ, ಕರವಸ್ತ್ರ, ಮೇಜಿನ ಹಾಸಿನಂಥ ಅಸ್ತರಿಲ್ಲದ ವಸ್ತುವಾದರೆ ತಿರುವಿ ನೋಡಿದರೆ ಸಾಕು. ಹೊಲಿಗೆ ಯಂತ್ರ ಮೇಲೊಂದು, ಕೆಳಗೊಂದು ಎರಡು ದಾರಗಳಿಂದ ಕೆಲಸ ಮಾಡುತ್ತದೆ. ಕೆಳಗಿನ ದಾರ ಸಾಮಾನ್ಯವಾಗಿ ಬಿಳಿಯದೋ ಕಪ್ಪಿನದೋ ಆಗಿರುವುದರಿಂದ ಹಿಂಬದಿಯಲ್ಲಿ ಮುಂದಿನ ಬಣ್ಣಗಳು ಕಾಣುವುದಿಲ್ಲ. ಗಟ್ಟಿ ಕಾಗದದಂಥ ಹಾಳೆಯ ತುಣುಕುಗಳೂ ಅಂಟಿಕೊಂಡಿರುವುದುಂಟು. ಕೈಯ ಗವಂತಿಯಲ್ಲಿ ಒಂದೇ ದಾರ ಎರಡೂ ಕಡೆ ಓಡಿರುವುದರಿಂದ ಮುಂದಿನ ಬಣ್ಣವೇ ಹಿಂದೆಯೂ ಇರುತ್ತದೆ. ಅಸ್ತರು ಹಾಕಿದ ಚೀಲವಾದರೆ ಹೊಲಿಗೆಗಳು ಬಟ್ಟೆಯ ಎಳೆಗಳ ಸಾಲಿನಲ್ಲೇ ಕೂತಿವೆಯೇ ಎಂದು ಕಣ್ಣಿಟ್ಟು ನೋಡಬೇಕು. ಎಣಿಸಿ ಹಾಕಿದ ಹೊಲಿಗೆ ಎಳೆಗಳ ನಡುವಿನ ಕಣ್ಣಿನಲ್ಲಿ ಇಳಿದಿರುತ್ತದೆ. ಯಂತ್ರದ ಸೂಜಿ ಎಳೆಯನ್ನು ಲೆಕ್ಕಿಸದೆ ಚುಚ್ಚಿರುತ್ತದೆ. ಅಸ್ತರನ್ನು ಒಂದು ಮಗ್ಗುಲು ಹೊಲಿಯದೆ, ಗುಂಡಿ ಕೊಟ್ಟು ಬಿಡುವ ಪದ್ಧತಿ ಮಾರುವವರಲ್ಲಿ ಬಂದರೆ ಇನ್ನೂ ಒಳ್ಳೆಯದು. ಕೊಳ್ಳುವವರು ಒಳಮೈಯನ್ನು ನೋಡಿಯೇ ಬೆಲೆ ಕೊಡಬಹುದು.

ಕಲಿಯುವವರಿಗೂ ಸಣ್ಣ ವಸ್ತುವೇ ಒಳ್ಳೆಯ ಗುರು. ಆರು ಗಜದ ಸೀರೆಗೆ ತಿಂಗಳುಗಟ್ಟಲೆ ಬೇಕು, ನಡುವೆ ಕೈಬಿಟ್ಟವರೇ ಹೆಚ್ಚು. ಪುಸ್ತಕದ ನಡುವೆ ಇಡುವ ಪಟ್ಟಿಗೆ ಎರಡು ಸಂಜೆ ಸಾಕು. ಮೊದಲ ಪಟ್ಟಿಯಲ್ಲಿ ಎಣಿಕೆ ತಪ್ಪುತ್ತದೆ, ಎರಡನೆಯದರಲ್ಲಿ ಕವಲಿನ ನಿಯಮ ಕೈಗೆ ಹತ್ತುತ್ತದೆ, ಮೂರನೆಯದರಲ್ಲಿ ಹಿಂಬದಿ ಮುಂಬದಿ ಒಂದಾಗುತ್ತದೆ. ಅಲ್ಲಿಂದ ಕನ್ನಡಕದ ಚೀಲ, ಅಲ್ಲಿಂದ ಕೈಚೀಲ, ಮನಸ್ಸಿದ್ದರೆ ಸೆರಗು.

ಬಟ್ಟೆ ಕಲ್ಲಲ್ಲ. ಬಳಸಿದ ಬಟ್ಟೆ ಸವೆಯುತ್ತದೆ, ಹರಿಯುತ್ತದೆ, ಕೊನೆಗೆ ಕೌದಿಯ ಒಂದು ತುಂಡಾಗುತ್ತದೆ. ಹಳೆಯ ಕಸೂತಿಯಲ್ಲಿ ಎಷ್ಟೋ ಪಾಲು ಹೀಗೆ ಕರಗಿಹೋಗಿದೆ. ಅದಕ್ಕಾಗಿ ಕಸೂತಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಬಟ್ಟೆ ಉಳಿಯಬಹುದು, ಹೊಲಿಯುವ ಕೈ ಉಳಿಯುವುದಿಲ್ಲ. ಸವೆದ ಚೀಲದ ಜಾಗಕ್ಕೆ ಇನ್ನೊಂದು ಚೀಲ ಬೇಕಾದಾಗಲೇ ಸೂಜಿಗೆ ಮತ್ತೆ ದಾರ ಏರುವುದು. ಆ ಚೀಲವನ್ನು ಕೈಗೆತ್ತಿಕೊಂಡವರು ಮುಂಬದಿಯನ್ನು ಮೆಚ್ಚಿ, ಒಂದು ಸಲ ಒಳಮೈಯನ್ನೂ ತಿರುವಿ ನೋಡಿ, ಅಲ್ಲಿ ಕಂಡ ಶ್ರಮಕ್ಕೆ ತಕ್ಕ ಬೆಲೆ ಕೊಟ್ಟರೆ, ಹೋದ ದಾರಿಯಲ್ಲೇ ಮರಳುವ ದಾರ ಇನ್ನೂ ಬಹುಕಾಲ ಓಡಾಡುತ್ತಿರುತ್ತದೆ.